ಮೋನಪ್ಪನ ಮಂಗಳವಾರಗಳು

ಮೋನಪ್ಪ ಆಚಾರಿ ಉರಿಯುವ ಬತ್ತಿಯ ಕರಿಯನ್ನು ಬರಿಗೈಯಿಂದಲೇ ಚಿವುಟುತ್ತಿದ್ದ. ಉಳಿ ಹಿಡಿದು ಜಡ್ಡುಗಟ್ಟಿದ ಆ ಬೆರಳುಗಳಿಗೆ ಬೆಂಕಿಯ ಅರಿವೇ ಇರಲಿಲ್ಲ. ಚಿವುಟಿದ ಕೂಡಲೇ ಕುಗ್ಗಿದ್ದ ಕುಡಿ ಒಮ್ಮೆ ಅಲ್ಲಾಡಿ ನೆಟ್ಟಗೆ ಎದ್ದು ನಿಲ್ಲುತ್ತಿತ್ತು. ಕಳೆದ ತಿಂಗಳು ಅವನು ತೀರಿಕೊಂಡ. ಅವನಿಗೆ ಹೇಳಬೇಕಾಗಿದ್ದ ಮಾತೊಂದು ನನ್ನಲ್ಲೇ ಉಳಿಯಿತು. ದೇವರ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ದೇವರಿಗೆ ಹೇಳುವುದು ಸುಲಭ. ಅವನು ತಿರುಗಿ ಮುಖ ನೋಡುವುದಿಲ್ಲ.

ನಾವು ದುಡಿಯಲು ಹೋಗಿ ನೆಲೆಸಿದ ಆ ಬಂದರಿನ ಪಟ್ಟಣ ನಮ್ಮ ದೇಶದ್ದಲ್ಲ. ನಾನು ಹಡಗು ಕಟ್ಟುವ ಕಾರ್ಖಾನೆಯಲ್ಲಿ ಅಡುಗೆಯವನಾಗಿದ್ದೆ. ಮೋನಪ್ಪ ಅಲ್ಲೇ ಬಡಗಿ. ನಮ್ಮ ಕಡೆಯವರು ಏಳೇ ಮಂದಿ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಒಂದು ಗಣಪತಿಯನ್ನು ಇಟ್ಟುಕೊಂಡು, ಆರದ ದೀಪವೊಂದನ್ನು ನಡೆಸಿಕೊಂಡು ಬಂದಿದ್ದೆವು. ವಾರಕ್ಕೆ ಏಳು ದಿನ, ದಿನಕ್ಕೊಬ್ಬರ ಸರದಿ. ಮಂಗಳವಾರ ಮೋನಪ್ಪನದು. ದೀಪಕ್ಕೆ ಎಣ್ಣೆ ಎರೆದವರ ಹೆಸರನ್ನೂ ನಕ್ಷತ್ರವನ್ನೂ ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಹೆಸರು ಬರೆಯುವಾಗ ಸಂಕಲ್ಪ ಮಾಡಿಕೊಳ್ಳುತ್ತಿದ್ದೆ. ಯಾರಾದರೂ ಕಾಯಿಲೆ ಬಿದ್ದರೆ ನಾನೇ ಎಣ್ಣೆ ಎರೆದು ಅವರ ಹೆಸರನ್ನೇ ಬರೆಯುತ್ತಿದ್ದೆ. ಸೇವೆ ಯಾರ ಹೆಸರಿನಲ್ಲೋ ಅವರದೇ ಸೇವೆ. ಕೈ ಯಾರದೆಂದು ದೇವರು ಕೇಳುವುದಿಲ್ಲ. ಅದನ್ನು ನಾನು ನನ್ನ ತಂದೆಯಿಂದ ಕಲಿತಿದ್ದೆ.

ಆ ಪಟ್ಟಣದಲ್ಲಿ ಎಂಟು ವರ್ಷ ಬಾಳಿದವನಿಗೆ ಕಾಯಂ ವಾಸದ ಹಕ್ಕು ಸಿಗುತ್ತಿತ್ತು. ಆ ಹಕ್ಕು ಇದ್ದವನು ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು. ಇನ್ನೂ ಕೆಲವು ವರ್ಷ ಕಳೆದರೆ ಪೌರನೂ ಆಗಬಹುದಿತ್ತು. ಆದರೆ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇರೆ ದೇಶದಲ್ಲಿ ದುಡಿದರೆ ಹಿಂದಿನ ವರ್ಷಗಳೆಲ್ಲ ಅಳಿಸಿಹೋಗಿ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಇದಕ್ಕೆ ಒಂದೇ ಒಂದು ವಿನಾಯಿತಿ: ಪಟ್ಟಣದ್ದೇ ಕಾರ್ಖಾನೆ ತನ್ನ ಕೆಲಸಕ್ಕೆಂದು ಕಳಿಸಿದ್ದರೆ, ಹೊರಗಿದ್ದ ದಿನಗಳೂ ಊರಲ್ಲಿದ್ದ ದಿನಗಳೇ.

ಐದನೆಯ ವರ್ಷದಲ್ಲಿ ಕಾರ್ಖಾನೆಯವರು ಮೋನಪ್ಪನನ್ನು ಕಡಲಾಚೆಯ ಇನ್ನೊಂದು ದೇಶಕ್ಕೆ, ಒಂದು ಹಡಗಿನ ದುರಸ್ತಿಗೆ, ಹದಿನಾಲ್ಕು ತಿಂಗಳು ಕಳಿಸಿದರು. ಹೊರಡುವ ದಿನ ಅವನು ಎಣ್ಣೆಯ ಡಬ್ಬ ತಂದು ನನ್ನ ಮುಂದಿಟ್ಟ.

"ಭಟ್ರೇ, ನನ್ನ ಮಂಗಳವಾರ ತಪ್ಪಿಸ್ಬೇಡಿ."

"ಎಣ್ಣೆ ನಿಂದು, ಕೈ ನಂದು. ಹೋಗಿ ಬಾ ಮಾರಾಯ."

"ಹಾಗಂತ ನನ್ನ ಎಣ್ಣೆಯಲ್ಲಿ ಸಾಂಬಾರಿಗೆ ಒಗ್ಗರಣೆ ಹಾಕ್ಲಿಕ್ಕಿಲ್ಲ ಮತ್ತೆ. ಗಣಪತಿ ಸುಮ್ಮನಿದ್ದಾನು, ನಾನು ಬಿಡುವವನಲ್ಲ."

ಅವನು ನಗುತ್ತಾ ಹೋದ. ಹದಿನಾಲ್ಕು ತಿಂಗಳು ಒಂದು ಮಂಗಳವಾರವೂ ತಪ್ಪಲಿಲ್ಲ. ಅವನ ಹಾಗೆ ಕರಿ ಚಿವುಟಲು ಹೋಗಿ ನಾನು ಎರಡು ಸಲ ಬೆರಳು ಸುಟ್ಟುಕೊಂಡೆ. ಪ್ರತಿ ಸಲವೂ ಪುಸ್ತಕದಲ್ಲಿ ಬರೆದೆ: ಮೋನಪ್ಪ ಆಚಾರಿ, ಉತ್ತರಾಷಾಢ ನಕ್ಷತ್ರ.

ಎಂಟು ವರ್ಷ ತುಂಬಿದಾಗ ಅವನು ಅರ್ಜಿ ಹಾಕಿದ. ಕಾರ್ಖಾನೆಯ ಪತ್ರ ಅವನ ಬಳಿ ಇತ್ತು. ಅದೊಂದೇ ಸಾಕಾಗಿತ್ತು. ಆದರೆ ಊರಲ್ಲಿ ಬಾಳಿದ್ದಕ್ಕೆ ಬೇರೆ ಸಾಕ್ಷಿಯಿದ್ದರೆ ಒಳ್ಳೆಯದೆಂದು ಕಚೇರಿಯ ಗುಮಾಸ್ತ ಹೇಳಿದ್ದನಂತೆ. ನಾನೇ ಹುರುಪಿನಿಂದ, "ನಮ್ಮ ದೀಪದ ಪುಸ್ತಕ ಕೊಡುವಾ. ಎಂಟು ವರ್ಷದ ಮಂಗಳವಾರ ಅದರಲ್ಲುಂಟು," ಎಂದೆ. ಅವನಿಗೆ ಓದು ಬಾರದು. ಬರೆದವನು ನಾನು, ನನಗಾದರೂ ಹೊಳೆಯಬೇಕಿತ್ತು. ಆ ಪುಸ್ತಕದಲ್ಲಿ ಸುಳ್ಳೆಂಬುದು ಇರಬಹುದೆಂದು ನನಗೆ ತೋರಲೇ ಇಲ್ಲ.

ಹತ್ತು ದಿನಗಳ ಮೇಲೆ ಅಧಿಕಾರಿ ನನ್ನನ್ನು ಕರೆಸಿದ. ಮೋನಪ್ಪನೂ ಜೊತೆಗೆ ಬಂದು ಬಾಗಿಲ ಹೊರಗಿನ ಬೆಂಚಿನಲ್ಲಿ ಕುಳಿತ. ಅಧಿಕಾರಿ ಮೆದು ಮಾತಿನ ಮನುಷ್ಯ. ಕಾರ್ಖಾನೆಯ ಪತ್ರವನ್ನೂ ನನ್ನ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟಿದ್ದ.

"ಈತ ಕಡಲಾಚೆ ಇದ್ದನೆಂದು ಪತ್ರ ಹೇಳುತ್ತದೆ. ಅದೇ ದಿನಗಳಲ್ಲಿ ಇಲ್ಲಿ ದೀಪ ಹಚ್ಚಿದನೆಂದು ನಿಮ್ಮ ಪುಸ್ತಕ ಹೇಳುತ್ತದೆ. ಇದನ್ನು ಬರೆದವರು ನೀವೇ?"

"ಹೌದು, ಸ್ವಾಮಿ."

ಅವನು ಇನ್ನೊಂದು ಕಡತ ತೆಗೆದ. ಮೇಲೆ ನನ್ನ ಹೆಸರಿತ್ತು. ಮೋನಪ್ಪನಿಗಿಂತ ಮೊದಲೇ ಆ ಪಟ್ಟಣಕ್ಕೆ ಬಂದಿದ್ದ ನಾನು ಪೌರತ್ವಕ್ಕೆ ಅರ್ಜಿ ಹಾಕಿ ಆಗಲೇ ಒಂದು ವರ್ಷ ಕಳೆದಿತ್ತು. ಅದು ಅದೇ ಮೇಜಿನ ಮೇಲೆ ಕಾದು ಕುಳಿತಿತ್ತು.

"ಸುಳ್ಳು ದಾಖಲೆ ಬರೆಯುವವನನ್ನು ಈ ಪಟ್ಟಣ ತನ್ನವನೆನ್ನುವುದಿಲ್ಲ. ಆದ್ದರಿಂದ ಕೇಳುತ್ತೇನೆ. ಹೀಗೆ ಬರೆಯಿರಿ ಎಂದು ಆತನೇ ನಿಮಗೆ ಹೇಳಿದ್ದನೇ?"

ನಮ್ಮ ಪದ್ಧತಿಯನ್ನು ಅವನಿಗೆ ತಿಳಿಸಬಹುದಿತ್ತು. ನಾಲ್ಕು ಮಾತಿನ ಕೆಲಸ. ಅವನು ನಂಬುತ್ತಿದ್ದನೋ ಇಲ್ಲವೋ, ಹೇಳುವುದು ನನ್ನ ಧರ್ಮವಾಗಿತ್ತು. ಆದರೆ ನನ್ನ ಕಣ್ಣು ನನ್ನ ಕಡತದ ಮೇಲಿತ್ತು. ಮಂಗಳವಾರ ತಪ್ಪಿಸಬೇಡಿ ಎಂದು ಮೋನಪ್ಪ ಹೇಳಿದ್ದು ನಿಜ. ಪುಸ್ತಕದ ಮಾತನ್ನು ಅವನು ಎತ್ತಿರಲೇ ಇಲ್ಲ ಎಂಬುದೂ ನಿಜ.

"ಹೌದು," ಎಂದೆ. "ಅವನೇ ಹೇಳಿದ್ದ."

ಅಧಿಕಾರಿ ಬರೆದುಕೊಂಡ. ಲೇಖನಿಯ ಸಪ್ಪಳ ನಿಂತ ಮೇಲೆ ಗೊತ್ತಾಯಿತು, ನನ್ನ ಬೆನ್ನ ಹಿಂದಿನ ಬಾಗಿಲು ಅರ್ಧ ತೆರೆದೇ ಇತ್ತು.

ಹೊರಗೆ ಬಂದಾಗ ಮೋನಪ್ಪ ಬೆಂಚಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. "ಮರ ಒಳ್ಳೇದುಂಟು, ಕೆಲಸ ಮಾಡಿದವನಿಗೆ ಗೊತ್ತಿಲ್ಲ," ಎಂದ.

ಸುಳ್ಳು ಸಾಕ್ಷಿ ಹುಟ್ಟಿಸಿದನೆಂದು ಅವನ ಅರ್ಜಿಯನ್ನು ತಳ್ಳಿಹಾಕಿದರು. ಎಂಟು ವರ್ಷ ಅಳಿಸಿಹೋಯಿತು. ಅದೇ ತಿಂಗಳ ಕೊನೆಯಲ್ಲಿ ನಾನು ಪೌರನಾದೆ. ನನ್ನ ಕಾಗದವನ್ನು ಗಣಪತಿಯ ಮುಂದಿಟ್ಟು ನಮಸ್ಕಾರ ಮಾಡಲು ಹೋದೆ. ಅಂದು ಮಂಗಳವಾರ, ಮೋನಪ್ಪ ಅಲ್ಲಿದ್ದ. ಅವನ ಎರಡು ಬೆರಳು ಕುಡಿಯ ಬಳಿ ಹೋಗಿ ಕರಿಯನ್ನು ತೆಗೆದವು. ನಾನು ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಇನ್ನೇನು ಮಾಡುವುದು ಅಂತ ಉಂಟು?" ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

"ಎಂತ ಮಾಡುವುದು ಭಟ್ರೇ. ದೊಡ್ಡ ಮರ ಒಣಗ್ಲಿಕ್ಕೆ ಎಂಟು ವರ್ಷ ಬೇಕು. ಹಸಿಯಲ್ಲಿ ಕೊಯ್ದರೆ ಸೀಳ್ತದೆ. ಕಾಯುವ."

ಕಾದ. ಕಾರ್ಖಾನೆಯವರು ಮತ್ತೆರಡು ಸಲ ಹೆಚ್ಚಿನ ಸಂಬಳಕ್ಕೆ ಹೊರದೇಶಕ್ಕೆ ಹೋಗೆಂದರೂ ಒಪ್ಪಲಿಲ್ಲ. ಹೆಂಡತಿಯನ್ನು ನೋಡಲು ಕೂಡ ಊರಿಗೆ ಹೋಗಲಿಲ್ಲ, ಇನ್ನೇನಾದರೂ ಕೊಂಕು ಹುಟ್ಟೀತೆಂಬ ಹೆದರಿಕೆಯಿಂದ. ವಾರಕ್ಕೊಮ್ಮೆ ದೀಪದ ಮುಂದೆ ನಾವಿಬ್ಬರೂ ನಿಲ್ಲುತ್ತಿದ್ದೆವು. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಬಂದ ಮಂಗಳವಾರಗಳು ನಾನೂರಕ್ಕೂ ಮಿಕ್ಕು. ಅವನು ಕರಿ ಚಿವುಟುತ್ತಿದ್ದ, ಪ್ರಸಾದ ತೆಗೆದುಕೊಂಡು ಹೋಗುತ್ತಿದ್ದ. ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ.

ಎರಡನೆಯ ಎಂಟು ವರ್ಷ ತುಂಬಿದ ದಿನ ಅವನು ಅರ್ಜಿಯನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದ. ಅದಕ್ಕೆ ಪೌರನೊಬ್ಬನ ರುಜು ಬೇಕಿತ್ತು.

"ನನ್ನದೇ ಯಾಕೆ?" ಎಂದೆ. "ಈಗ ಪೌರರಾದವರು ನಮ್ಮಲ್ಲಿ ಮೂವರಿದ್ದಾರೆ."

"ನನ್ನ ಮಂಗಳವಾರದ ವಿಷಯ ನಿಮ್ಮಷ್ಟು ಗೊತ್ತಿದ್ದವರು ಯಾರುಂಟು?" ಅವನು ಕಾಗದವನ್ನು ಹಿಟ್ಟಿಲ್ಲದ ಜಾಗ ನೋಡಿ ಮಣೆಯ ಮೇಲಿಟ್ಟ. "ಈ ಸಲ ಕೈಯೂ ನನ್ನದೇ ಭಟ್ರೇ. ಹೆದರದೆ ಹಾಕಿ."

ನಾನು ತಲೆಯೆತ್ತಿದೆ. ಅವನು ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನ ಕಾಲು ಹಿಡಿಯುತ್ತಿದ್ದೆನೇನೋ. ಬೆಂಚಿನ ಮೇಲೆ ಕುಳಿತು ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎಂಟು ವರ್ಷ ಅದನ್ನು ಹೊತ್ತುಕೊಂಡು ನನ್ನ ಕೈಯಿಂದಲೇ ಪ್ರಸಾದ ತೆಗೆದುಕೊಂಡಿದ್ದ. ನಾನು ರುಜು ಹಾಕಿದೆ.

ಅರ್ಜಿ ಮಂಜೂರಾಯಿತು. ಅವನ ಹೆಂಡತಿ ಕುಸುಮಾವತಿ ಬರುವ ದಿನ ನನ್ನನ್ನೂ ಕರೆದುಕೊಂಡು ಬಂದರಿಗೆ ಹೋದ. ಮದುವೆಯಾಗಿ ಎರಡು ತಿಂಗಳಿಗೆ ಬಿಟ್ಟು ಬಂದಾಗ ಅವಳಿಗೆ ಇಪ್ಪತ್ತೆರಡು ವರ್ಷವಂತೆ. ದೋಣಿಯಿಂದ ಇಳಿದವಳಿಗೆ ಮೂವತ್ತೆಂಟು ಕಳೆದಿತ್ತು. ಕಿವಿಯ ಪಕ್ಕದ ಕೂದಲು ನರೆತಿತ್ತು. ಅವರಿಗೆ ಮುಂದೆ ಮಕ್ಕಳಾಗಲಿಲ್ಲ. ಅದಕ್ಕೆ ನೀನೇ ಕಾರಣ ಎಂದು ನನಗೆ ಯಾರೂ ಹೇಳಿಲ್ಲ. ಎಣಿಸಲು ಬಂದವನಿಗೆ ಇನ್ನೊಬ್ಬರು ಹೇಳಬೇಕಾಗಿಲ್ಲ.

ಅವಳು ಮೊಣಕಾಲುದ್ದದ ನೀರಿನಲ್ಲಿ ಇಳಿದು, ಸೀರೆಯ ನೆರಿಗೆಯನ್ನು ಕೈಯಲ್ಲಿ ಹಿಂಡಿಕೊಳ್ಳುತ್ತಾ ದಡಕ್ಕೆ ಬಂದಳು. ಗಂಡನನ್ನು ಒಮ್ಮೆ ನೋಡಿದಳು. ಅವನು ಗಂಟು ಇಳಿಸಿಕೊಂಡು, "ಇವರೇ ಭಟ್ರು," ಎಂದ.

"ಕಾಗದದಲ್ಲೆಲ್ಲ ನಿಮ್ಮದೇ ಸುದ್ದಿ ಬರೆಸ್ತಿದ್ರು," ಎಂದಳು. "ನೀವು ರುಜು ಹಾಕಿದ್ರಿಂದ ನಾನು ಬರುವಂತಾಯ್ತು."

ಬೇಡ ಎನ್ನುವ ಮೊದಲೇ ಅವಳು ಬಗ್ಗಿದಳು. ನಾನು ಮೋನಪ್ಪನ ಕಡೆ ನೋಡಿದೆ. ಅವನು ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದ.

ಗಂಡ ಹೆಂಡತಿ ಗಂಟು ಹೊತ್ತುಕೊಂಡು ಮುಂದೆ ಹೋದರು. ನಾನು ಹಿಂದೆ ಉಳಿದೆ. ನನ್ನ ಎರಡೂ ಪಾದಗಳ ಮೇಲೆ ಅವಳ ಒದ್ದೆ ಬೆರಳುಗಳ ಗುರುತು ಬಿಸಿಲಿಗೆ ಆರುತ್ತಿತ್ತು. ಅದು ಆರಿ, ಉಪ್ಪಿನ ಬಿಳಿ ಗೆರೆಗಳು ಮೂಡುವ ತನಕ ನಾನು ಕಾಲು ಕದಲಿಸಲಿಲ್ಲ.