ಶೀರ್ಷಿಕೆ ಪುಟ ಕಳೆದುಕೊಂಡ ಕಾದಂಬರಿ

ಗ್ರಂಥಾಲಯದ ಪಟ್ಟಿಯಲ್ಲಿ ಪುಸ್ತಕದ ಹೆಸರನ್ನು ಹೊರಗಿನ ರಟ್ಟು ನೋಡಿ ಬರೆಯಬಾರದು, ಒಳಗಿನ ಶೀರ್ಷಿಕೆ ಪುಟ ನೋಡಿ ಬರೆಯಬೇಕು. ನವಿ ಮುಂಬಯಿಯ ನೆರೂಳಿನ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದಷ್ಟು ಕಾಲವೂ ಈ ನಿಯಮ ಬಿಟ್ಟವಳಲ್ಲ ನಾನು. ರಟ್ಟನ್ನು ನಂಬುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ನಿವೃತ್ತಳಾದ ಮೇಲೆ ಡೊಂಬಿವಲಿಯ ಕನ್ನಡ ಸಂಘವೊಂದು ತನ್ನ ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿಕೊಡಿ ಎಂದು ಕೇಳಿತು. ಪ್ರತಿ ಶನಿವಾರ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗತೊಡಗಿದೆ.

೨೦೧೧ರ ಮಳೆಗಾಲದ ಒಂದು ಶನಿವಾರ ಉಮಾವತಿ ಎಂಬವರು ಬಂದರು. ಕಲ್ಯಾಣದಲ್ಲಿ ಗಂಡನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಹೆಂಗಸು. ಕೊಡೆ ಮಡಚುತ್ತಾ ಸಂಕೋಚದಿಂದ ಕೇಳಿದರು.

"ನಾನೊಂದು ಕಾದಂಬರಿ ಬರೆದಿದ್ದೆ ಮೇಡಂ, 'ಠಾಕುರ್ಲಿಯ ಸೊಸೆ' ಅಂತ, ಇಲ್ಲೇ ಪಕ್ಕದ ಸ್ಟೇಷನ್ನಿನ ಒಂದು ಚಾಳಿನ ಕತೆ. ಪ್ರಿಂಟ್ ಆದಾಗ ಇಲ್ಲಿಗೊಂದು ಕಾಪಿ ಕೊಟ್ಟಿದ್ದೆ. ಉಂಟಾ ನೋಡ್ತೀರಾ?"

ಕಂಪ್ಯೂಟರಿನಲ್ಲಿ ಹುಡುಕಿದೆ. ಆ ಹೆಸರಿನಲ್ಲೂ ಇಲ್ಲ, ಉಮಾವತಿ ಎಂಬ ಹೆಸರಿನಲ್ಲೂ ಇಲ್ಲ. ಕಪಾಟಿನಲ್ಲೂ ಸಿಗಲಿಲ್ಲ.

"ಎರಡು ಸಾವಿರದ ಐದರ ನೆರೆ ನಮ್ಮ ಗ್ರೌಂಡ್ ಫ್ಲೋರಿಗೆ ನುಗ್ಗಿತಲ್ಲ, ಮನೇಲಿದ್ದ ಕಾಪಿ ಎಲ್ಲ ಕೆಸರಾಯ್ತು" ಎಂದರು. "ಇಲ್ಲೊಂದು ಇರಬಹುದು ಅಂತ ಆಸೆ ಇತ್ತು. ಯಾರೂ ಓದಿರ್ಲಿಕ್ಕಿಲ್ಲ ಬಿಡಿ. ರದ್ದಿಗೆ ಹಾಕಿರ್ಬೇಕು."

ಬರೆದವರಿಗೇ ಅವರ ಪುಸ್ತಕ ಇಲ್ಲ ಎನ್ನುವುದು ಸುಲಭದ ಕೆಲಸವಲ್ಲ. ಮಳೆ ನಿಲ್ಲುವ ತನಕ ಕೂತಿರಿ ಎಂದೆ.

ಅಷ್ಟರಲ್ಲಿ ಪುಸ್ತಕ ಹಿಂದಿರುಗಿಸಲು ಬಂದ ಧಾರವಾಡ ಕಡೆಯ ಸದಸ್ಯೆ ಸತ್ಯಭಾಮಾ ಪ್ಲಾಸ್ಟಿಕ್ ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ತಗೋರಿ, 'ನಳ್ಳಿಯಲ್ಲಿ ನೀರು ಬಂತು'. ಓದಾಕ ಇನ್ನ ಜಯಶೀಲ ಅವರ ಪಾಳಿ ಐತಿ. ಎರಡು ಸಲ ಫೋನ್ ಮಾಡ್ಯಾರ."

ಸದಾ ಯಾರದೋ ಮನೆಯಲ್ಲಿರುತ್ತಿದ್ದ ಆ ಪುಸ್ತಕವನ್ನು ನಾನು ಇನ್ನೂ ಏರಿಸಿರಲಿಲ್ಲ. ಬಿಡಿಸಿ ನೋಡಿದರೆ ಶೀರ್ಷಿಕೆ ಪುಟವೇ ಇಲ್ಲ, ನೇರ ಕತೆ ಶುರು. ರಟ್ಟಿನ ಬೆನ್ನಿನ ಮೇಲೆ ಮಾತ್ರ ಆ ಹೆಸರಿನ ಸೊಟ್ಟ ಬಂಗಾರದ ಅಕ್ಷರ. ಇದನ್ನು ಯಾವ ಹೆಸರಿನಲ್ಲಿ ಬರೆಯಲಿ ಎಂದು ಸಿಡುಕಿದೆ.

"ಬೈಂಡಿಂಗಿಗೆ ಹೋದಾಗ ಹಂಗಾತ್ರಿ" ಎಂದರು ಸತ್ಯಭಾಮಾ. "ಬೈಂಡರ್ ಮರಾಠಿಯವ, ಅವಗ ಕನ್ನಡ ಎಲ್ಲಿ ಬರಬೇಕು? ಹರಿದ ಹಾಳಿ ಕಿತ್ತು ಒಗದು, ಮೊದಲ ದೊಡ್ಡ ಅಕ್ಷರ ಏನು ಕಂಡ್ವೋ ಅದನ್ನ ಬೆನ್ನಿಗೆ ಹೊಡದಾನ. ನಾವೂ ಅದೇ ಹೆಸರಿಂದ ಕೇಳ್ತೀವಿ."

ಉಮಾವತಿ ಎದ್ದು ನಿಂತಿದ್ದರು. "ಅದು ಮೊದಲನೇ ಅಧ್ಯಾಯದ ಹೆಸರು" ಎಂದರು. ಪುಸ್ತಕ ಮುಟ್ಟದೆಯೇ ಮೆಲ್ಲಗೆ ಹೇಳಿದರು: "ಚಾಳಿನಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಹೊಸ ಸೊಸೆಯ ಹಂಡೆ."

ಮೊದಲ ಪುಟದ ಮೊದಲ ಸಾಲು ಅದೇ. ನನ್ನ ಕಣ್ಣು ತುಂಬಿತು. ಸತ್ಯಭಾಮಾ ಅವರಂತೂ "ಅಯ್ಯ ನಮ್ಮವ್ವ, ನೀವಽನ?" ಎನ್ನುತ್ತಾ ಅವರ ಕೈ ಹಿಡಿದವರು ಬಿಡಲೇ ಇಲ್ಲ.

ಕಂಪ್ಯೂಟರಿನಲ್ಲಿ 'ಠಾಕುರ್ಲಿಯ ಸೊಸೆ' ಎಂದು ಬರೆದೆ, ಉಮಾವತಿಯವರ ಹೆಸರು ಸೇರಿಸಿದೆ. ಇಂಥ ಪುಸ್ತಕಕ್ಕೆ ಇನ್ನೊಂದು ಹೆಸರನ್ನೂ ಕೆಳಗೆ ದಾಖಲಿಸಲು ನಿಯಮದಲ್ಲೇ ಜಾಗವಿದೆ. ಆದರೂ ಅದು ಬೈಂಡರನ ತಪ್ಪು, ಬೇಡವಾದರೆ ಬಿಟ್ಟುಬಿಡಲೇ ಎಂದು ಕೇಳಿದೆ.

"ಬೇಡ ಬೇಡ, ಅದೂ ಇರ್ಲಿ. ಆ ಹೆಸರಲ್ಲಿ ಕೇಳುವವರಿಗೆ ಸಿಗ್ಬೇಕಲ್ಲ" ಎಂದರು ಉಮಾವತಿ.

ನೀವೇ ಮನೆಗೆ ಒಯ್ಯಿರಿ ಎಂದು ಪುಸ್ತಕ ಕೊಟ್ಟೆ. ಅವರು ಅದನ್ನು ಎದೆಗೊತ್ತಿಕೊಂಡು ಬಾಗಿಲ ತನಕ ಹೋದರು. ಅಲ್ಲಿ ಜಯಶೀಲ ಒದ್ದೆ ಚಪ್ಪಲಿ ಕಳಚುತ್ತಾ, ಅವರ ಕೈಯಲ್ಲಿದ್ದುದನ್ನು ಕಂಡು ಮುಖ ಸಪ್ಪಗೆ ಮಾಡಿದರು.

"ಓ, 'ನಳ್ಳಿ' ನೀವು ತಗೊಂಡ್ರಾ? ನಮ್ಮ ಅಮ್ಮ ಮತ್ತೊಮ್ಮೆ ಓದ್ಬೇಕು ಅಂತ ಕಾಯ್ತಿದ್ರು."

ಉಮಾವತಿ ಪುಸ್ತಕವನ್ನು ಅವರ ಕೈಗಿಟ್ಟು ನನ್ನತ್ತ ತಿರುಗಿದರು.

"ಮೇಡಂ, ಪಾಳಿಯಲ್ಲಿ ನನ್ನ ಹೆಸರು ಇವರ ನಂತರ ಬರ್ಕೊಳ್ಳಿ."