ಇನ್ನೊಂದು ಲೈಸೆನ್ಸ್

ನಾನು ಒಂದು ಖಾರ ಕುಟ್ಟುವ ಯಂತ್ರ. ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಹುಟ್ಟಿದೆ. ಮೈಯೆಲ್ಲ ಕಬ್ಬಿಣ, ಮಗ್ಗುಲಲ್ಲಿ ಮೋಟಾರು, ಮೇಲೆ ಕೆಳಗೆ ಕುಣಿಯುವ ಒನಕೆಗಳು. ಮೊದಲ ಯಜಮಾನರಾದ ಲಕ್ಷ್ಮೇಶ್ವರದ ಪರಪ್ಪ ಶೆಟ್ಟರು ನನ್ನನ್ನು ಊರಾಚೆಯ ಬಯಲಲ್ಲಿ ಇಟ್ಟಿದ್ದರು. ನನ್ನ ಘಾಟಿಗೆ ಸೀನಲು ಅಲ್ಲಿ ಕಾಗೆಗಳಷ್ಟೇ ಇದ್ದವು. ವಯಸ್ಸಾಗಿ ಅವರು ಗಿರಣಿ ಮುಚ್ಚಿದಾಗ ಹಾವೇರಿಯ ದ್ಯಾಮವ್ವ ನನ್ನನ್ನು ಕೊಂಡಳು.

ದ್ಯಾಮವ್ವ ಬೇರೆಯವರ ಗಿರಣಿಯಲ್ಲಿ ಖಾರ ಜರಡಿ ಹಿಡಿಯುತ್ತಿದ್ದಳು. ಧಣಿಯ ಬೈಗುಳ ತಿಂದು ತಿಂದು ಸಾಕಾಗಿ, ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಗಿರಣಿ ಹಾಕುವ ಆಸೆಯಲ್ಲಿ ಜೀವ ಹಿಡಿದುಕೊಂಡಿದ್ದಳು. ನನಗೆ ಕುಂಕುಮ ಹಚ್ಚಿದಳು. ಇನ್ನು ಸ್ವಿಚ್ಚು ಒತ್ತುವುದೊಂದೇ ಬಾಕಿ ಎಂದುಕೊಂಡೆ.

ಎಲ್ಲಿಯ ಸ್ವಿಚ್ಚು! ಮನೆಯ ಕರೆಂಟು ನಡೆಯುವುದಿಲ್ಲ, ಬೇರೆ ಮೀಟರು ಬೇಕೆಂದರು ವಿದ್ಯುತ್ ಕಚೇರಿಯವರು. ಅದಾಯಿತು ಅನ್ನುವಷ್ಟರಲ್ಲಿ, ತಿನ್ನುವ ಪದಾರ್ಥಕ್ಕೆ ಆಹಾರ ಇಲಾಖೆಯ ನೋಂದಣಿ ಬೇಕೆಂದ ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿಯವನು. ಅದನ್ನು ಹಿಡಿದು ನಗರಸಭೆಗೆ ಹೋದರೆ, ವ್ಯಾಪಾರದ ಲೈಸೆನ್ಸ್ ಬೇರೆ. "ಇನ್ನ ಏನರ ಬೇಕೇನ್ರಿ ಸಾಹೇಬ್ರ? ಒಮ್ಮೆ ಎಲ್ಲಾ ಹೇಳಿಬಿಡ್ರಿ" ಎಂದು ಹೋದಲ್ಲೆಲ್ಲ ಕೈಮುಗಿದಳಂತೆ. ಪ್ರತಿಯೊಬ್ಬರೂ ತಮ್ಮದನ್ನಷ್ಟೇ ಹೇಳಿ ಕೈತೊಳೆದುಕೊಂಡರು. ಸಂಜೆ ನನಗೊರಗಿ ಕಾಲು ನೀವಿಕೊಳ್ಳುತ್ತಾ ಅದನ್ನೆಲ್ಲ ಗೊಣಗುತ್ತಿದ್ದಳು.

ಕೊನೆಗೆ ನಗರಸಭೆಯ ಗುಮಾಸ್ತ, "ಬಾಜೂ ಮನಿಯವರ ಒಪ್ಪಿಗಿ ತಗೊಂಡ ಬರ್ರಿ, ಅಷ್ಟ ಸಾಕು" ಎಂದ. ದ್ಯಾಮವ್ವ ನಕ್ಕೇಬಿಟ್ಟಳು. ಬಾಜೂ ಮನೆಯ ಹಸೀನಾಬಿ ಅವಳ ಬಾಣಂತನ ಮಾಡಿದವಳು, ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚು. ದ್ಯಾಮವ್ವನ ಮಾತು ಮುಗಿಯುವ ಮೊದಲೇ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಲೈಸೆನ್ಸಿಗೆ ಕಾಯುತ್ತಿದ್ದಾಗ ಒಂದು ಬೆಳಿಗ್ಗೆ ದ್ಯಾಮವ್ವ ಪರೀಕ್ಷೆಗೆಂದು ನನ್ನೊಳಗೆ ಒಂದಿಷ್ಟು ಒಣಮೆಣಸಿನಕಾಯಿ ಸುರಿದು ಚಾಲೂ ಮಾಡಿದಳು. ನನಗಂತೂ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಗೋಡೆಯಾಚೆ ಕೆಮ್ಮು ಎದ್ದಿತು. ನಿಲ್ಲಲೇ ಇಲ್ಲ. ಹಸೀನಾಬಿಗೆ ಮೊದಲಿನಿಂದಲೂ ದಮ್ಮು. ಖಾರದ ಘಾಟಿನಲ್ಲೇ ಬದುಕು ಸವೆಸಿದ ದ್ಯಾಮವ್ವನಿಗೆ ಇದು ಹೊಳೆದೇ ಇರಲಿಲ್ಲ. ನನ್ನನ್ನು ನಿಲ್ಲಿಸಿ ಓಡಿದಳು.

"ಏನಿಲ್ಲ ಬಿಡ... ರೂಢಿ ಆಕ್ಕತಿ. ನೀ ಚಾಲೂ ಮಾಡು" ಎಂದು ಹಸೀನಾಬಿ ಏದುಸಿರಿನ ನಡುವೆ ಹೇಳುವುದು ಗೋಡೆ ದಾಟಿ ನನಗೂ ಕೇಳಿಸಿತು.

ತಿರುಗಿ ಬಂದ ದ್ಯಾಮವ್ವ ನನ್ನ ವಯರು ಕಿತ್ತಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಮುಂದಿನ ವಾರ ಲೈಸೆನ್ಸ್ ಬಂತು. ಅದನ್ನು ಮಡಚಿ, ನನಗೆ ಹೊದಿಸಿದ ಗೋಣಿಚೀಲದ ಅಡಿಗೆ ತುರುಕಿದಳು. ನನಗೆ ಕೆಟ್ಟ ಸಿಟ್ಟು ಬಂದಿತ್ತು. ಕುಟ್ಟದೆ ನಾನು ಇದ್ದರೆಷ್ಟು, ಬಿಟ್ಟರೆಷ್ಟು? ಆದರೆ ಆ ಕೆಮ್ಮನ್ನು ನಾನಿನ್ನೂ ಮರೆತಿಲ್ಲ.

ಬೇರೆ ಜಾಗ ಬಾಡಿಗೆ ಹಿಡಿಯುವ ಶಕ್ತಿ ಅವಳಿಗಿಲ್ಲ, ನನ್ನನ್ನು ಮಾರಲು ಮನಸ್ಸಿಲ್ಲ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಅವಳು ಮತ್ತೆ ಅದೇ ಧಣಿಯ ಗಿರಣಿಗೆ ಹೋಗುತ್ತಾಳೆ. ಹೊರಡುವಾಗ ಹಸೀನಾಬಿ ಕಟ್ಟೆಯ ಮೇಲಿಂದ ಕೇಳುತ್ತಾಳೆ:

"ಯಾವಾಗ ಚಾಲೂ ಮಾಡ್ತಿ, ದ್ಯಾಮಿ?"

"ಇನ್ನೊಂದ ಲೈಸೆನ್ಸ್ ಬರಬೇಕೈತಿ, ಅಕ್ಕಾ."

"ಆ ಆಫೀಸಿನವರ ಬಾಯಾಗ ಮಣ್ಣ ಬೀಳ!"

ದ್ಯಾಮವ್ವ ಹೂಂ ಎಂದು ಸೆರಗು ಬಿಗಿದುಕೊಂಡು ಹೊರಡುತ್ತಾಳೆ.