ಜೇನಿನ ಟ್ರೇಲರಿಗೆ ದೀಪ

ಬಟ್ಟೆ ಕತ್ತರಿಯಿಂದ ವೈರ್ ಸುಲಿಯುವ ಗಂಡಸಿನ ಜೊತೆ ಸಂಸಾರ ಮಾಡುವುದು ಹೇಗೆಂದು ಯಾರಾದರೂ ನನಗೆ ಹೇಳಿಕೊಡಿ. ಹೊಲಿಗೆ ನನ್ನ ಕಸುಬು. ಆ ಕತ್ತರಿಯಲ್ಲಿ ಕಾಗದ ಕತ್ತರಿಸಲೂ ನಾನು ಯಾರನ್ನೂ ಬಿಟ್ಟವಳಲ್ಲ. ಅಂಥದ್ದರಲ್ಲಿ ಇವರು ಜೀಪಿನ ಹಿಂದೆ ಮಂಡಿಯೂರಿ ಕುಳಿತು, ಬಾಯಲ್ಲಿ ಟೇಪು ಕಚ್ಚಿಕೊಂಡು, ಕರಕರ ಅಂತ ವೈರು ಸುಲಿಯುತ್ತಿದ್ದರು.

"ರೀ! ಅದು ನನ್ನ ಕತ್ತರಿ!"

"ಗೊತ್ತು. ಒಳ್ಳೆ ಹರಿತ ಇದೆ," ಅಂದರು. ತಲೆ ಎತ್ತಿಯೂ ನೋಡಲಿಲ್ಲ.

ಬೇರೆ ದಿನವಾಗಿದ್ದರೆ ನಾಲ್ಕು ಮನೆಗೆ ಕೇಳುವಂತೆ ಕೂಗಾಡುತ್ತಿದ್ದೆ. ಅವತ್ತು ನುಂಗಿಕೊಂಡೆ. ಕಾರಣ ಜೇನು.

ಇವರದು ಜೇನು ಸಾಕಣೆ. ಹೋದ ವರ್ಷ ನಮ್ಮ ಸುತ್ತಮುತ್ತ ಹೂವು ಮುಗಿದಾಗ ಪೆಟ್ಟಿಗೆಗಳನ್ನು ಹೊತ್ತಿಗೆ ಸರಿಯಾಗಿ ಬೇರೆ ಕಡೆ ಸಾಗಿಸಲು ಆಗಲಿಲ್ಲ. ಅರ್ಧಕ್ಕರ್ಧ ಪೆಟ್ಟಿಗೆ ಸದ್ದಿಲ್ಲದೆ ಹೋದವು. ಮುಚ್ಚಳ ತೆಗೆದರೆ ಹುಳುಗಳು ಮೇಣದ ಎರಿಯ ತೂತುಗಳೊಳಗೆ ತಲೆ ಹಾಕಿಕೊಂಡೇ ಸತ್ತಿದ್ದವು. ಕೊನೆಯ ಹನಿ ಏನಾದರೂ ಸಿಕ್ಕೀತೇ ಎಂದು ತಡಕಾಡುತ್ತಾ ಸತ್ತದ್ದು. ಅವತ್ತು ಇವರು ಊಟ ಮುಟ್ಟಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ನಾನು ಪೆಟ್ಟಿಗೆ ಮುಟ್ಟೋದಿಲ್ಲ ಕಣೇ" ಅಂದರು. ಅಂದದ್ದನ್ನು ಮಾಡುವ ಜಾತಿ ಇವರು, ಅದೇ ನನಗೆ ಭಯ.

ಈ ವರ್ಷವೂ ಹೂವು ಮುಗಿಯಿತು. ಸಕ್ಕರೆ ಪಾಕ ಇಟ್ಟು ಜೀವ ಹಿಡಿದಿಟ್ಟಿದ್ದೆವು. ಅಷ್ಟರಲ್ಲಿ ದೂರದ ಹೊಲದವರೊಬ್ಬರು ಫೋನ್ ಮಾಡಿ, ಸೂರ್ಯಕಾಂತಿ ಅರಳಿದೆ, ಪೆಟ್ಟಿಗೆ ತನ್ನಿ ಅಂದರು. ಜೇನನ್ನು ಹಗಲು ಸಾಗಿಸುವಂತಿಲ್ಲ. ಹುಳುಗಳೆಲ್ಲ ಗೂಡಿಗೆ ವಾಪಸಾದ ಮೇಲೆ, ಕತ್ತಲಾಗುವ ಹೊತ್ತಿಗೆ ಬಾಗಿಲು ಮುಚ್ಚಿ ಹೊರಡಬೇಕು. ನಮ್ಮ ಹಳೇ ಜೀಪಿಗೆ ಎಂಥ ದಿಣ್ಣೆಯನ್ನೂ ಹತ್ತುವ ತಾಕತ್ತಿದೆ. ಟ್ರೇಲರನ್ನೂ ಹೇಗೋ ಹೊಂದಿಸಿದ್ದೆವು. ಆದರೆ ಟ್ರೇಲರಿಗೆ ದೀಪವಿಲ್ಲ. ಪೆಟ್ಟಿಗೆ ಪೇರಿಸಿದರೆ ಜೀಪಿನ ಹಿಂದಿನ ದೀಪಗಳು ಕಾಣುವುದಿಲ್ಲ. ಕತ್ತಲಲ್ಲಿ ಹೆದ್ದಾರಿಗೆ ಹಾಗೆ ಹೋದರೆ ಪೊಲೀಸರು ಹಿಡಿಯುವ ಮೊದಲೇ ಯಾವುದಾದರೂ ಲಾರಿ ಬಂದು ಗುದ್ದುತ್ತದೆ.

ಹಾಗಾಗಿ ಇವರು ತಾವೇ ವೈರಿಂಗಿಗೆ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ನಾನು ಜೀಪಿನೊಳಗೆ ಕೂತು ಬ್ರೇಕ್ ಒತ್ತಿದೆ, ಇವರು ಹಿಂದೆ ನಿಂತು ನೋಡಿದರು.

"ಏನಾಯ್ತು?" ಎಂದು ಕೂಗಿದೆ.

ಇಳಿದು ಹೋಗಿ ನೋಡಿದರೆ ಇವರ ಮುಖ ಸಪ್ಪೆಯಾಗಿತ್ತು. ಬ್ರೇಕ್ ಒತ್ತಿದರೆ ಇಂಡಿಕೇಟರುಗಳು ಮಿಣಮಿಣ ಅನ್ನುತ್ತವೆ, ಎಡಕ್ಕೆ ಹಾಕಿದರೆ ಎಡ ಬಲ ಎರಡೂ ಕಣ್ಣು ಹೊಡೆಯುತ್ತವೆ, ಬ್ರೇಕು, ಇಂಡಿಕೇಟರು ಎರಡೂ ಒಟ್ಟಿಗೆ ಹಾಕಿದರೆ ಒಂದೂ ಇಲ್ಲ. ಹಬ್ಬದ ಸೀರಿಯಲ್ ಸೆಟ್ಟಿಗೂ ಇದಕ್ಕಿಂತ ಶಿಸ್ತಿರುತ್ತದೆ. ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಅದೇ ಹಾಡು.

ಇಂಥದ್ದನ್ನು ಸರಿಮಾಡುವವನು ನಮ್ಮಣ್ಣ. ವಾಹನಗಳ ಎಲೆಕ್ಟ್ರಿಷಿಯನ್, ಅವನ ಮನೆ ಹಿಂದೆಯೇ ಅಂಗಡಿ. ಆದರೆ ಅವನಿಗೂ ಇವರಿಗೂ ಮಾತಿಲ್ಲ. ಜೀಪು ತಂದ ಹೊಸತರಲ್ಲಿ ಅವನು "ಭಾವ, ಈ ಡಬ್ಬಾನ ಗುಜರಿಗೆ ಹಾಕಿ" ಅಂದುಬಿಟ್ಟಿದ್ದ. ತಮಾಷೆಗೆ ಅಂದನಂತೆ. ಇವರಿಗೆ ನಾಟಿತು. ಅವತ್ತಿನಿಂದ ಇಬ್ಬರ ಬಾಯಿಗೂ ಬೀಗ. ನಡುವೆ ಸುದ್ದಿ ಸಾಗಿಸುವ ಕೆಲಸ ನನಗೂ, ಅಣ್ಣನ ಮನೆಯಲ್ಲಿರುವ ಅಮ್ಮನಿಗೂ. ಅಮ್ಮನ ಕಿವಿ ಸ್ವಲ್ಪ ಮಂದ, ಬಾಯಿ ಮಾತ್ರ ಭಲೇ ಚುರುಕು.

ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ವಿಷಯ ಹೇಳಿದೆ. ಅಮ್ಮ ಅಲ್ಲಿಂದಲೇ ಅಂಗಡಿಯತ್ತ ಕೂಗಿದಳು: "ಏ, ಕೇಳಿಸ್ತೇನೋ? ಟ್ರೇಲರ್ ದೀಪ ಹುಚ್ಚುಹುಚ್ಚಾಗಿ ಆಡ್ತಾವಂತೆ!" ಸುತ್ತಿಗೆ ಸದ್ದಿನ ನಡುವೆ ಅಣ್ಣ ಏನೋ ಗೊಣಗಿದ.

"ಅದಕ್ಕೆ ಅರ್ಥ ಇಲ್ಲವಂತೆ ಕಣೇ," ಅಂದಳು ಅಮ್ಮ.

"ಏನಂತೆ?"

"ಅರ್ಥನೇ ಇಲ್ಲವಂತೆ! ಅರ್ಥ ಇಲ್ದೇ ಎಷ್ಟು ವೈರ್ ಎಳೆದ್ರೂ ದಂಡ ಅಂತೆ!"

ಇವರು ಕತ್ತರಿಯನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ.

"ಸರಿಯಾಗೇ ಹೇಳಿದಾರೆ ಬಿಡು," ಅಂದರು. "ಗುಜರಿ ಗಾಡಿ, ಸಾಯೋ ಹುಳು. ಏನರ್ಥ ಇದಕ್ಕೆಲ್ಲ?"

ಎದ್ದು ಗೋಡೆಯ ಕಡೆ ತಿರುಗಿ, ಲಾರಿ ಇಟ್ಟುಕೊಂಡಿರುವ ಇನ್ನೊಬ್ಬ ಜೇನಿನವರಿಗೆ ಫೋನ್ ಮಾಡಿದರು. "ಸಂಜೆ ಬಂದು ಪೆಟ್ಟಿಗೆ ಎಲ್ಲಾ ತಗೊಂಡು ಹೋಗಿ. ಹೂವಿರೋ ಕಡೆ ಇಡಿ, ಅಷ್ಟೇ. ಇಲ್ಲ, ವಾಪಸ್ ಬೇಡ. ಇನ್ನು ನಿಮ್ಮವೇ."

ನನಗೆ ಅಳು ಬಂತು. ನನಗೆ ಅಳು ಬಂದರೆ ಅದಕ್ಕಿಂತ ಮುಂಚೆ ಪಿತ್ತ ನೆತ್ತಿಗೇರುತ್ತದೆ. ಟ್ರೇಲರ್ ಸಮೇತ ಜೀಪು ಹತ್ತಿದೆ. ನಾನೂ ಜೀಪು ಓಡಿಸುತ್ತೇನೆ. ಗೇರು ಹಾಕುವಾಗ ಅದು ನನ್ನನ್ನು ಬೈಯುತ್ತದೆ, ನಾನು ಅದನ್ನು ಬೈಯುತ್ತೇನೆ. ಹಗಲಾದ್ದರಿಂದ ದೀಪದ ಚಿಂತೆ ಇರಲಿಲ್ಲ, ಊರೊಳಗಿನ ಬೀದಿಗಳಲ್ಲೇ ಹೋದೆ. ಇವರು ಹಿಂದಿನಿಂದ ಏನೋ ಕೂಗಿದರು, ನಿಲ್ಲಿಸಲಿಲ್ಲ.

ಅಣ್ಣ ಅಂಗಡಿಯಲ್ಲಿ ಒಂದು ಡೈನಮೊ ಬಿಚ್ಚಿಕೊಂಡು ಕೂತಿದ್ದ, ತುಟಿಗಳ ನಡುವೆ ಸ್ಕ್ರೂ.

"ನಮ್ಮ ಬಾಳಿಗೆ ಅರ್ಥ ಇಲ್ಲ ಅನ್ನೋಕೆ ನೀನ್ಯಾರು?" ಅಂದೆ. ಅಂದೆ ಏನು, ಬೀದಿಗೆಲ್ಲ ಕೇಳಿರಬೇಕು.

ಅವನು ಸ್ಕ್ರೂ ತೆಗೆದ. "ಯಾರಂದ್ರು?"

"ನೀನೇ! ಈಗ ತಾನೇ! ಅಮ್ಮ ಹೇಳಿದ್ಲು!"

"ನಾನು ಅಂದಿದ್ದು ಅರ್ಥ್ ಇಲ್ಲ ಅಂತ."

"ಅದೇ! ಅರ್ಥ ಇಲ್ಲ ಅಂತ!"

"ಅಯ್ಯೋ, ಅರ್ಥ ಅಲ್ವೇ, ಅರ್ಥ್! ಅರ್ಥ್ ವೈರು!"

ಬಾಗಿಲಲ್ಲಿ ನಿಂತಿದ್ದ ಅಮ್ಮ, "ನಾನೂ ಅದನ್ನೇ ತಾನೇ ಹೇಳಿದ್ದು?" ಅಂದಳು.

ಬೀದಿಯಲ್ಲಿ ಯಾರಾದರೂ ಕೇಳಿಸಿಕೊಂಡರೇ ಎಂದು ತಿರುಗಿ ನೋಡಿದೆ. ಕೇಳಿಸಿಕೊಂಡಿದ್ದರು.

"ನೋಡು," ಅಂದ ಅಣ್ಣ, ಟ್ರೇಲರಿನ ಮೂತಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು. "ಕರೆಂಟು ದೀಪಕ್ಕೆ ಹೋದ್ಮೇಲೆ ವಾಪಸ್ ಬ್ಯಾಟರಿಗೆ ಬರಬೇಕು. ಆ ವಾಪಸ್ ಬರೋ ದಾರೀನೇ ಅರ್ಥ್. ದಾರಿ ಇಲ್ದಿದ್ರೆ ಅದು ಸಿಕ್ಕಸಿಕ್ಕ ದೀಪದೊಳಗೆ ನುಗ್ಗಿ ಬರುತ್ತೆ. ಅದಕ್ಕೇ ಹುಚ್ಚಾಟ. ಈ ಬಿಳಿ ವೈರನ್ನ ಯಾಕೆ ಸುಮ್ನೆ ಟೇಪು ಸುತ್ತಿ ಇಟ್ಟಿದಾರೆ?"

"ಹೆಚ್ಚಿನದು ಅಂದ್ರು. ಜೀಪಿನಲ್ಲಿ ಒಂದು ದೀಪಕ್ಕೆ ಒಂದೇ ವೈರಂತೆ, ಮಿಕ್ಕಿದ್ದು ಕಬ್ಬಿಣ ನೋಡ್ಕೊಳ್ಳುತ್ತಂತೆ. ಟ್ರೇಲರ್ರೂ ಕಬ್ಬಿಣ, ಎರಡನ್ನೂ ಜೋಡಿಸೋ ಕೊಕ್ಕೇನೂ ಕಬ್ಬಿಣ."

"ಲೆಕ್ಕ ಸರೀನೇ. ಆದ್ರೆ ಕೊಕ್ಕೆಗೆ ಬಣ್ಣ, ಅದರ ಮೇಲೆ ಗ್ರೀಸು. ಅದರೊಳಗೆ ಕರೆಂಟು ಹೆಂಗೆ ಹಾಯುತ್ತೆ?"

ಅವನು ಬಿಳಿ ವೈರು ಬಿಡಿಸಿದ. ಟ್ರೇಲರಿನ ಚೌಕಟ್ಟಿನಲ್ಲಿ ಒಂದು ಕಡೆ, ಜೀಪಿನ ಚಾಸಿಯಲ್ಲಿ ಒಂದು ಕಡೆ ಬಣ್ಣ ಕೆರೆದು, ಕಬ್ಬಿಣ ಹೊಳೆಯುವಂತೆ ಮಾಡಿ, ಬೋಲ್ಟ್ ಹಾಕಿ ಬಿಗಿದ. ಅಷ್ಟೇ ಕೆಲಸ. ಅದಾದ ಮೇಲೂ ಏಳಲಿಲ್ಲ. ಜೀಪಿನ ಅಡಿಗೆ ತೂರಿ, ವೈರು ಹಿಡಿದು ಮುಂದಿನವರೆಗೂ ಹೋದ. ಸೈಲೆನ್ಸರಿನ ಬಿಸಿ ತಾಗದಂತೆ ದೂರದಿಂದ ಎಳೆದದ್ದು, ತಗಡಿನ ತೂತಿನಲ್ಲಿ ಉಜ್ಜದಂತೆ ರಬ್ಬರು ಕೂರಿಸಿದ್ದು, ಒಂದೊಂದು ಗೇಣಿಗೂ ಕ್ಲಿಪ್ಪು ಹಾಕಿದ್ದು, ಎಲ್ಲವನ್ನೂ ಮುಟ್ಟಿ ನೋಡಿದ.

"ಇದನ್ನೆಲ್ಲ ಭಾವನೇ ಮಾಡಿದ್ರಾ?" ಜೀಪಿನಡಿಯಿಂದ ಕೇಳಿದ.

"ಮತ್ತೆ ಪಕ್ಕದ ಮನೆಯವರು ಮಾಡ್ತಾರಾ?"

"ನನ್ನ ಅಂಗಡೀಲಿ ಯಾರೂ ಇಷ್ಟು ನೀಟಾಗಿ ಎಳೆಯಲ್ಲ," ಅಂದ.

ಆಗ ನಾನು ಉಳಿದದ್ದನ್ನು ಹೇಳಿದೆ. ಲಾರಿ ಬರುತ್ತಿದೆ, ಪೆಟ್ಟಿಗೆಗಳನ್ನು ಶಾಶ್ವತವಾಗಿ ಕೊಟ್ಟುಬಿಡುತ್ತಿದ್ದಾರೆ, ನಿನ್ನ ಮಾತು ಕೇಳಿಯೇ ಹೀಗೆ ಮಾಡಿದ್ದು ಎಂದೆ. ಅಣ್ಣ ಹೊರಗೆ ಬಂದು ಕೈ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ನಡಿ," ಅಂದ. ದೀಪ ಹಾಕಿ ನೋಡಲು ಹೋದರೆ ತಡೆದ. "ಈಗ ಬೇಡ. ಭಾವನೇ ಒತ್ತಿ ನೋಡ್ಲಿ."

ಅಮ್ಮನೂ ಹತ್ತಿದಳು, ಯಾರು ಕರೆದರೋ ಗೊತ್ತಿಲ್ಲ. ದಾರಿಯಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ತಿರುಗಿ ನೋಡುವ ಆಸೆ ನನಗೆ. "ರಸ್ತೆ ನೋಡೇ!" ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಇವರು ಪೆಟ್ಟಿಗೆಗಳ ಬಾಗಿಲಿಗೆ ಬಲೆ ಹಾಕುತ್ತಿದ್ದರು. ತಡವಾಗಿ ಬಂದ ಹುಳುಗಳು ಒಳಗೆ ಹೋಗಲೆಂದು ಕೊನೆಯ ಪೆಟ್ಟಿಗೆಯ ಹತ್ತಿರ ಕಾಯುತ್ತಾ ಕೂತಿದ್ದರು. ತಲೆ ಎತ್ತಿದರೆ ಎದುರಿಗೆ ಅಣ್ಣ. ಇಬ್ಬರೂ ಕಂಬದಂತೆ ನಿಂತರು.

"ರೀ, ಅಣ್ಣ ಅಂದಿದ್ದು ಅರ್ಥ್ ಅಂತ! ವೈರು! ನಮ್ಮ ಬಾಳಿನ ಮಾತೇ ಅಲ್ಲ ಅದು!" ನಾನೇ ಬಡಬಡಿಸಿದೆ.

"ಲಾರಿಯವರಿಗೆ ಮಾತು ಕೊಟ್ಟಾಗಿದೆ," ಅಂದರು ಇವರು, ನನ್ನನ್ನು ನೋಡಿಕೊಂಡೇ.

ಅಣ್ಣ ಸೀದಾ ಟ್ರೇಲರಿನ ಹಿಂದೆ ಹೋಗಿ ಕೂತ. "ಭಾವ, ಒಂದ್ಸಲ ಬ್ರೇಕ್ ಒತ್ತಿ. ಆಮೇಲೆ ಬೇಕಾದ್ರೆ ಕೊಡಿ."

ಇವರು ಜೀಪು ಹತ್ತಿದರು. ಅಲ್ಲಿ ಕೂತವರಿಗೆ ಹಿಂದಿನ ದೀಪ ಕಾಣುವುದಿಲ್ಲ. ಕೇಳಿಯೇ ತಿಳಿಯಬೇಕು. ಎಷ್ಟು ಹೊತ್ತಾದರೂ ಇವರು ಕೇಳಲಿಲ್ಲ. ನಾನು ಹೇಳಲು ಬಾಯಿ ತೆರೆದೆ, ಅಮ್ಮ ನನ್ನ ತೋಳು ಚಿವುಟಿದಳು.

ಕೊನೆಗೆ ಒಳಗಿನಿಂದ ಸಣ್ಣದಾಗಿ ಬಂತು: "ಬಂತಾ?"

"ಬಂತು," ಅಂದ ಅಣ್ಣ.

"ಎಡಕ್ಕೆ?"

"ಬಂತು."

"ಬಲಕ್ಕೆ?"

"ಬಂತು ಭಾವ."

ಇವರು ಪೆಡಲು ಒತ್ತಿ ಹಿಡಿದು, "ಬ್ರೇಕು, ಎಡ, ಎರಡೂ ಒಟ್ಟಿಗೆ ಹಾಕಿದೀನಿ. ಸರಿಯಾಗಿ ನೋಡಿ ಹೇಳಿ," ಅಂದರು.

"ನೋಡೇ ಹೇಳ್ತಿದೀನಿ. ಬ್ರೇಕ್ ಗಟ್ಟಿಯಾಗಿ ನಿಂತಿದೆ, ಎಡದ್ದು ಕಣ್ಣು ಹೊಡೀತಿದೆ. ವೈರಿಂಗ್ ಬಂಗಾರದಂಗೆ ಮಾಡಿದೀರಾ. ಅವತ್ತು ಗುಜರಿ ಅಂದಿದ್ದು ನನ್ನ ತಪ್ಪು."

ಇವರು ಇಳಿಯಲಿಲ್ಲ. ಬ್ರೇಕ್ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಕೆಂಪು ದೀಪ ಅಣ್ಣನ ಮುಖದ ಮೇಲೆ ಬಂದು ಹೋಗಿ ಮಾಡುತ್ತಿತ್ತು. ನಾನು ಕಿಟಕಿಯ ಹತ್ತಿರ ಹೋದೆ. ಇವರ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಮರೆಮಾಡುವುದೇನಿದೆ ಅದರಲ್ಲಿ.

ಫೋನ್ ತೆಗೆದು ಲಾರಿಯವರಿಗೆ ಹೇಳಿದರು: "ಬರೋದು ಬೇಡ. ಬೇಜಾರು ಮಾಡ್ಕೋಬೇಡಿ. ಪೆಟ್ಟಿಗೆ ನಾನೇ ಒಯ್ತೀನಿ."

ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ಟ್ರೇಲರಿಗೆ ಏರಿಸಿ ಹಗ್ಗ ಬಿಗಿದರು. ಒಳಗೆ ಗುಂಯ್‌ಗುಟ್ಟಿದಾಗಲೆಲ್ಲ ಅಣ್ಣ ಬೆಚ್ಚುತ್ತಿದ್ದ; ಹುಳುವೆಂದರೆ ಅವನಿಗೆ ಚಿಕ್ಕಂದಿನಿಂದಲೂ ಪ್ರಾಣಭಯ. ಆದರೂ ಜೀಪಿನಲ್ಲಿ ಇವರ ಪಕ್ಕ ಹತ್ತಿ ಕೂತ. "ದಾರೀಲಿ ಬಲ್ಬು ಗಿಲ್ಬು ಹೋದ್ರೆ?" ಅಂದ. ಯಾರೂ ಕೇಳಿರಲಿಲ್ಲ.

ಬೆಳಗಾಗುವಾಗ ಇವರ ಫೋನು ಬಂತು.

"ಬಾಗಿಲು ತೆಗೆದೆ ಕಣೇ. ಮೊದಮೊದ್ಲು ಪೆಟ್ಟಿಗೆ ಮುಂದೇನೇ ಸುತ್ತಿದ್ವು. ಈಗ ಸೀದಾ ಹೂವಿಗೆ ಹೋಗ್ತಾ ಇದಾವೆ. ಕಾಲಿಗೆಲ್ಲ ಹಳದಿ ಪುಡಿ ಮೆತ್ಕೊಂಡು ವಾಪಸ್ ಬರ್ತಾವೆ."

"ಅಣ್ಣ ಎಲ್ಲಿ?" ಅಂದೆ.

"ಅವರಿಗೆ ಮೂರು ಕಡೆ ಕಚ್ಚಿದೆ. ಕಿವಿ ಊದಿಕೊಂಡಿದೆ. ಜೀಪಲ್ಲಿ ಹೋಗಿ ಕೂತ್ಕೊಳ್ಳಿ ಭಾವ ಅಂದ್ರೆ ಕೇಳ್ತಿಲ್ಲ. ಪೆಟ್ಟಿಗೆ ಮುಂದೆ ನಿಂತ್ಕೊಂಡು, ಒಂದೊಂದು ಹುಳು ವಾಪಸ್ ಬಂದಾಗಲೂ ನನ್ನ ಕರೆದು ಹೇಳ್ತಿದಾರೆ, ಬಂತು, ಇನ್ನೊಂದು ಬಂತು ಅಂತ."